ಸಂಕವ್ವನ ಕಡವು

ಕೂಡಲಿಯಲ್ಲಿ ತುಂಗೆ ಭದ್ರೆಯರು ಒಂದಾಗಿ ಬಯಲುಸೀಮೆಗೆ ಇಳಿದ ಮೇಲೆ ಹೊಳೆಗೆ ಅಂಥ ಅವಸರವಿಲ್ಲ. ನಮ್ಮ ಹೊಳೆಸಿರಿವಾಳದ ಬಳಿ ಮಾತ್ರ ಅದು ಕರಿಬಂಡೆಗಳ ನಡುವೆ ಸಿಕ್ಕಿ, ಸಿಟ್ಟಾದವಳ ಹಾಗೆ ಒಮ್ಮೆಲೇ ಬಡಗಲಿಗೆ ಹೊರಳುತ್ತದೆ. ಆ ತಿರುವಿನ ಮೇಲೆ, ಜನ ಹರಿಗೋಲು ಹತ್ತಿ ಹೊಳೆ ದಾಟುವ ದಂಡೆಯೇ ಸಂಕವ್ವನ ಕಡವು. ಸಂಕವ್ವ ಯಾವುದೋ ದೇವತೆಯಿರಬೇಕೆಂದು ಹೊಸಬರು ಇಲ್ಲಿ ಗುಡಿ ಹುಡುಕುತ್ತಾರೆ. ಗುಡಿಯಿಲ್ಲ, ಹುಡುಕಿ ದಣಿಯಬೇಡಿ. ಆಕೆ ನಮ್ಮೂರಿನ ಸೂಲಗಿತ್ತಿ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕಾರಹುಣ್ಣಿಮೆ ಕಳೆದೊಡನೆ ಹೊಳೆಗೆ ಕೆಂಪು ನೀರು ಬಂತು. ನಮ್ಮಲ್ಲಿ ಹನಿ ಬೀಳದಿದ್ದರೂ ಸಹ್ಯಾದ್ರಿಯಲ್ಲಿ ಸುರಿದ ಮಳೆ ಅಲ್ಲಿಯ ಮಣ್ಣನ್ನು ಕಲಸಿಕೊಂಡು ಇಲ್ಲಿಗೆ ಬರುತ್ತದೆ. ಹೊಳೆವ್ವ ಮುಟ್ಟಾಗಿದ್ದಾಳೆಂದು ಆಗ ಅಂಬಿಗರು ಮೂರು ದಿನ ಹರಿಗೋಲು ಇಳಿಸುತ್ತಿರಲಿಲ್ಲ. ಅದೇ ಹೊತ್ತಿಗೆ ಆಚೆ ದಂಡೆಯಿಂದ ಕೂಗು ಬಂತು: ಸಂಕವ್ವನ ಮಗಳು ಹೊನ್ನವ್ವನಿಗೆ ನೋವು ಕಾಣಿಸಿಕೊಂಡಿದೆ, ಕೂಸು ಅಡ್ಡ ಬಂದಿದೆ. ಊರ ಕೂಸುಗಳನ್ನೆಲ್ಲ ಕೈಯಲ್ಲಿ ಹಿಡಿದ ತಾಯಿ ಈಚೆ, ಹೆರಲಾರದ ಮಗಳು ಆಚೆ.

ಸಂಕವ್ವ ಅಂಬಿಗರ ಹಿರಿಯ ಬರಮಪ್ಪನಲ್ಲಿಗೆ ಓಡಿದಳು. ಆತ ಮುಖ ತಿರುಗಿಸಿ, “ಹೊಳೆವ್ವ ಹೊರಗಾಗ್ಯಾಳಬೇ. ಮುಟ್ಟಬಾರದು” ಎಂದನಂತೆ.

“ಹೊರಗಾದಾಕಿನ್ನ, ಹಡದಾಕಿನ್ನ ಮುಟ್ಟೂದ ನನ್ನ ಕೆಲಸ, ಬರಮಣ್ಣ. ನೀ ಮುಟ್ಟಬ್ಯಾಡ. ಹುಟ್ಟು ಕೊಡು ಸಾಕು.”

ಆತ ಕೊಡಲಿಲ್ಲ, ತಡೆಯಲೂ ಇಲ್ಲ. ಆಕೆಯೇ ಹುಟ್ಟನ್ನು ಎತ್ತಿಕೊಂಡು, ಕವುಚಿಟ್ಟಿದ್ದ ತೊಗಲಿನ ಹರಿಗೋಲನ್ನು ಬೆನ್ನ ಮೇಲೆ ಹೊತ್ತು ತಿರುವಿನ ಮೇಲಕ್ಕೆ ನಡೆದಳು. ಅಲ್ಲಿ ನೀರು ಈ ದಂಡೆಯನ್ನು ಒದ್ದು ಆಚೆಗೆ ಹೊರಳುವುದನ್ನು ಬಟ್ಟೆ ಒಗೆಯುವಾಗೆಲ್ಲ ನೋಡಿದ್ದಳು. ಆ ಸೆಳವೇ ತನ್ನನ್ನು ಆಚೆಗೆ ಒಯ್ದೀತೆಂದು ನಂಬಿ ಅಲ್ಲೇ ಹರಿಗೋಲು ಇಳಿಸಿದಳು. ನಡುಹೊಳೆಯಲ್ಲಿ ಹರಿಗೋಲು ಬುಗುರಿಯಂತೆ ತಿರುಗಿತು, ಹುಟ್ಟು ಕೈಜಾರಿ ಹೋಯಿತು ಎನ್ನುತ್ತಾರೆ. ಅಂಗೈಯಿಂದಲೇ ನೀರು ತಳ್ಳುತ್ತ ಬಹಳ ಕೆಳಗೆ ಹೋಗಿ ದಂಡೆ ಹಿಡಿದಳು. ಎದ್ದವಳು ಸೀರೆ ಹಿಂಡಿಕೊಳ್ಳಲೂ ನಿಲ್ಲಲಿಲ್ಲ. ಸಂಜೆಯೊಳಗೆ ಕೂಸು ಅತ್ತಿತು, ಹೊನ್ನವ್ವನೂ ಉಳಿದಳು. ಇದನ್ನು ಹೇಳುವಾಗ ಇಂದಿಗೂ ನನ್ನ ಎದೆ ತುಂಬಿ ಬರುತ್ತದೆ.

ಬರಮಪ್ಪ ಮೊಂಡ, ಆದರೆ ಕಲ್ಲೆದೆಯವನಲ್ಲ. ಮರುದಿನ ಅದೇ ಕೆಂಪು ನೀರಿನಲ್ಲಿ ಹರಿಗೋಲು ಇಳಿಸಿ, ತಾನೇ ಹೋಗಿ ಆಕೆಯನ್ನು ಕರೆತಂದ.

ಈಗ ಸೇತುವೆಯಾಗಿದೆ, ಹೊಳೆ ತುಂಬಿದರೆ ಅದೂ ಮುಳುಗುತ್ತದೆ. ಕೆಂಪು ನೀರು ಬಂದ ದಿನಗಳಲ್ಲಿ ಸುತ್ತಲಿನ ಕಡವುಗಳಲ್ಲೆಲ್ಲ ಹರಿಗೋಲುಗಳು ದಂಡೆಯ ಮೇಲೆ ಕವುಚಿ ಬಿದ್ದಿರುತ್ತವೆ. ಇಲ್ಲಿ ಮಾತ್ರ ಒಂದು ನೀರಿನಲ್ಲಿರುತ್ತದೆ, ಅದರಲ್ಲಿ ಹುಟ್ಟು ಹಿಡಿದು ಒಬ್ಬ ಅಂಬಿಗ ಕೂತಿರುತ್ತಾನೆ. ಆಚೆಯಿಂದ ಕೂಗು ಕೇಳಿದರೆ, ಯಾರು, ಏನು ಎಂದು ಕೇಳುವ ಮೊದಲೇ ಆತ ಹೊರಟಿರುತ್ತಾನೆ.