ರಾಜನ ಕೆನ್ನೆಯ ಕಲೆ

ಚಿತ್ರಗಾರನೊಬ್ಬ ಇಸ್ಪೀಟಿನ ಹಾಗೆ ಆಡುತ್ತಿದ್ದ ಹಳೆಯ ಗಂಜೀಫಾ ಕಾರ್ಡುಗಳನ್ನು ಕಲೆಗಳ ಸಮೇತ ಇದ್ದ ಹಾಗೇ ನಕಲು ಮಾಡಿ, ಭವಿಷ್ಯ ಹೇಳುವ ಟ್ಯಾರೋ ಕಟ್ಟೊಂದನ್ನು ಅಚ್ಚು ಹಾಕಿಸಿದ. ಜೊತೆಗೆ ಅರ್ಥ ವಿವರಿಸುವ ಕೈಪಿಡಿಯೂ ಬಂತು.

ಮೇಜಿನ ಮೇಲಿದ್ದ ಹಳೆಯ ರಾಜನ ಕಾರ್ಡಿಗೆ ಕೈಪಿಡಿ ಹೇಳಿತು: “ಸ್ವಾಮಿ, ನಿಮ್ಮ ಕೆನ್ನೆಯ ಕೆಂಪು ಕಲೆ ಗೆಳೆತನದಲ್ಲಿ ದ್ರೋಹವನ್ನು ಸೂಚಿಸುತ್ತದೆ.”

ರಾಜ ನಕ್ಕ. “ಅದು ತಾಂಬೂಲದ ರಸ ಕಣಯ್ಯಾ. ಇಬ್ಬರು ಗೆಳತಿಯರು ಆಡುತ್ತಿದ್ದಾಗ ಒಬ್ಬಳು ನಗು ತಡೆಯಲಾಗದೆ ನನ್ನ ಮೇಲೆ ಸಿಡಿಸಿದ್ದು.”

“ನಿಮಗೆ ವಯಸ್ಸಾಯಿತು, ಮರೆವು. ನನ್ನಲ್ಲಿ ಅಚ್ಚಾಗಿದೆ,” ಎಂದಿತು ಕೈಪಿಡಿ.

ಅಷ್ಟರಲ್ಲಿ ಚಿತ್ರಗಾರನ ಹೆಂಡತಿ ಅಂಬುಜಾಕ್ಷಿ ಕಾಫಿ ಲೋಟ ಹಿಡಿದು ಬಂದಳು. ಗೆಳತಿಯ ಜೊತೆ ಹೋಟೆಲು ತೆರೆಯಲೇ ಎಂದು ಕೇಳಿಕೊಂಡು ಹೊಸ ಕಟ್ಟಿನಿಂದ ಒಂದು ಕಾರ್ಡು ಎಳೆದಳು. ರಾಜನೇ ಬಂದ, ಕೆನ್ನೆಯ ಕಲೆಯ ಸಮೇತ. ಕೈಪಿಡಿ ತೆರೆದು ಓದಿದವಳು ಬೆಚ್ಚಿಬಿದ್ದಳು. ಕಾಫಿ ಪುಟದ ಮೇಲೆ ಚೆಲ್ಲಿತು. ಒರೆಸುವುದನ್ನೂ ಬಿಟ್ಟು, “ಹೋಟೆಲು ಬೇಡ ಕಣೇ” ಎನ್ನಲು ಗೆಳತಿಗೆ ಫೋನ್ ಮಾಡಲೆಂದು ಓಡಿದಳು.

“ಅಯ್ಯೋ, ನನಗೆ ಕಲೆಯಾಯಿತಲ್ಲ!” ಎಂದು ಕೈಪಿಡಿ ಗೋಳಾಡಿತು.

“ಅಳಬೇಡ,” ಎಂದ ಹಳೆಯ ರಾಜ. “ಮುಂದಿನ ಮುದ್ರಣದಲ್ಲಿ ಇದಕ್ಕೂ ಒಂದು ಅರ್ಥ ಹುಟ್ಟುತ್ತದೆ.”