ಕ್ಲೋವರ್ ಗಿಡಗಳು ಪಂಕ್ತಿಯಲ್ಲಿ ಜಗಳವಾಡಿದ್ದು

ಹುಲ್ಲುಗಾವಲಿನ ಮೇಲೆ ಇನ್ನೂ ಒಂದೂ ಕಾಲುದಾರಿ ಮೂಡಿರದ ಕಾಲ. ಮೂರು ಮೂರು ಎಲೆಗಳ ಕ್ಲೋವರ್ ಎಂಬ ಮೇವಿನ ಗಿಡಗಳಿಗೆಲ್ಲ ಆಗ ಒಂದೇ ರುಚಿ, ಒಂದೇ ಸತ್ವ. ಭೂಮಿತಾಯಿ ಅವನ್ನು ಪಂಕ್ತಿಯಲ್ಲಿ ಕೂರಿಸಿ ಉಪ್ಪು, ಸುಣ್ಣ, ಕಬ್ಬಿಣ, ಸಿಹಿ ಎಲ್ಲವನ್ನೂ ಸಮನಾಗಿ ಬಡಿಸುತ್ತಿದ್ದಳು.

ಊಟಕ್ಕೆ ಕೂತವರು ತಮ್ಮ ಪಾಲನ್ನು ನೋಡಿಕೊಳ್ಳಬೇಕು. ಕ್ಲೋವರ್ ಗಿಡಗಳು ಪಕ್ಕದವರ ಪಾಲನ್ನೇ ನೋಡುತ್ತಿದ್ದವು.

"ನಿನಗೆ ಸುಣ್ಣ ಜಾಸ್ತಿ ಬಿತ್ತಲ್ಲ?"

"ನನಗೇ? ಮೊದಲು ನಿನ್ನ ಸಿಹಿ ನೋಡಿಕೋ!"

"ತಾಯಿ ಪಂಕ್ತಿಭೇದ ಮಾಡುತ್ತಾಳೆ" ಎಂದಿತು ಬಂಡೆಯ ಪಕ್ಕದ ಗಿಡ.

ಬಡಿಸುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಭೂಮಿತಾಯಿ ಸೌಟು ಕೆಳಗಿಟ್ಟಳು.

"ಹಾಗಾದರೆ ನೀವೇ ಬಡಿಸಿಕೊಳ್ಳಿ. ಯಾರು ಏನು ತೆಗೆದುಕೊಂಡಿರೆಂದು ನಾನು ಕೇಳುವುದಿಲ್ಲ."

ಗಿಡಗಳು ಬೇರು ಚಾಚಿ ಬಾಚಿಕೊಂಡವು. ಒಂದಕ್ಕೆ ಉಪ್ಪು ಹೆಚ್ಚು ಸಿಕ್ಕಿತು, ಇನ್ನೊಂದಕ್ಕೆ ಕಬ್ಬಿಣ. ಸಿಕ್ಕಿದ್ದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಂತಮ್ಮ ಬೀಜಗಳಿಗೆ ಮಾತ್ರ ಗುಟ್ಟಾಗಿ ಕೊಟ್ಟವು.

ಆಗ ಕಂದಿ ಎಂಬ ಹಸು ಅಲ್ಲಿಗೆ ಬಂದಳು. ಅವಳ ಎಳೆಗರು ಏಳಲಾರದೆ ನೆಲದಲ್ಲೇ ಮಲಗಿತ್ತು. ಅದರ ಮೂಳೆಗೆ ಬಲ ಬರಬೇಕಾದರೆ ತಾಯಿಯ ಹಾಲಿಗೆ ಸುಣ್ಣ ಸೇರಬೇಕಿತ್ತು.

"ಅಕ್ಕಂದಿರಾ, ಯಾರಲ್ಲಿ ಸುಣ್ಣವಿದೆ? ನನ್ನ ಕರು ನಿಲ್ಲುತ್ತಿಲ್ಲ."

"ಇವಳನ್ನು ಕಳಿಸಿದ್ದು ಯಾರು?" ಗಿಡಗಳು ಪಿಸುಗುಟ್ಟಿದವು.

"ನನ್ನಲ್ಲಿಲ್ಲಮ್ಮ, ಅವಳನ್ನು ಕೇಳು."

"ನನಗೆಲ್ಲಿಂದ ಬರಬೇಕು? ಆಚೆಯವಳನ್ನು ಕೇಳು."

ಕಂದಿ ಬಂಡೆಯ ಕಡೆ ಇನ್ನೂ ತಿರುಗಿಯೂ ಇರಲಿಲ್ಲ. ಅಲ್ಲಿಂದ ಕೂಗು ಬಂತು: "ನನ್ನ ಹತ್ತಿರ ಚಿಟಿಕೆಯೂ ಇಲ್ಲ!"

ಕೇಳುವ ಮೊದಲೇ ಇಷ್ಟು ಗಾಬರಿಯೇ? ಕಂದಿ ಹತ್ತಿರ ಹೋಗಿ ಮೂಸಿದಳು. ಒಂದು ತುತ್ತು ಕಿತ್ತು ಮೆಲ್ಲಗೆ ಅಗಿದಳು. ಸುಣ್ಣವಿತ್ತು, ಬೇಕಾದಷ್ಟಿತ್ತು!

"ಅಯ್ಯೋ, ಬುಡಸಮೇತ ತಿಂದುಬಿಡುತ್ತಾಳೆ!" ಗಿಡ ಅತ್ತಿತು.

"ಬುಡ ತಿಂದರೆ ನಾಳೆ ನನ್ನ ಕರುವಿಗೇನು ಗತಿ? ಅಷ್ಟು ಬುದ್ಧಿ ನನಗಿದೆ."

ಕಂದಿ ದಿನಾ ಬಂದಳು, ದಿನಾ ಚಿಗುರನ್ನಷ್ಟೇ ತಿಂದಳು. ಒಂದು ಬೆಳಿಗ್ಗೆ ಕರು ನಡುಗುತ್ತ ಎದ್ದು ನಿಂತಿತು. ಬಿತ್ತು, ಮತ್ತೆ ಎದ್ದು ತಾಯಿಯ ಕೆಚ್ಚಲಿಗೆ ಗುದ್ದಿತು.

ಗಿಡಗಳಿಗೆ ಅದು ಕಾಣಲಿಲ್ಲ. "ಸುಣ್ಣದ ಗುಟ್ಟು ಹೇಳಿದ್ದು ನೀನೇ ತಾನೆ?" ಎಂದು ಒಂದನ್ನೊಂದು ತಿವಿಯುತ್ತಿದ್ದವು.

ಕಂದಿ ಕರುವನ್ನು ಕರೆದು ಹೇಳಿದಳು: "ಮಗು, ಇವರನ್ನು ಏನೂ ಕೇಳಬೇಡ. ಮೂಸಿ ನೋಡು."

ಅದಕ್ಕೇ ಇಂದಿಗೂ ಒಂದೇ ಬಯಲಿನ ಕ್ಲೋವರ್ ಗಿಡಗಳಲ್ಲಿ ಒಂದರ ಸತ್ವ ಇನ್ನೊಂದಕ್ಕಿಲ್ಲ. ಮೇಯುವ ಹಸು ಹಸಿರಾಗಿರುವ ಒಂದನ್ನು ಮೂಸಿ ಹಾಗೇ ಬಿಟ್ಟು, ಅಂಥದ್ದೇ ಇನ್ನೊಂದಕ್ಕೆ ಬಾಯಿ ಹಾಕುವುದೂ ಅದಕ್ಕೇ.