ಬೆಲೆ ಹೇಳಿದವನ ಸವಾರಿ

"ಗುರುಗಳೇ, ನಾಳೆ ಇಬ್ಬರ ನಡುವೆ ಕೂತು ಒಂದು ಹಳೆಯ ಮನೆಗೆ ಬೆಲೆ ಹೇಳಬೇಕಾಗಿದೆ. ನಾನು ಹೇಳುವ ಬೆಲೆ ನ್ಯಾಯವಾದದ್ದೆಂದು ನನಗೆ ಹೇಗೆ ತಿಳಿಯಬೇಕು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಬೆಟ್ಟದ ಬುಡದ ಊರೊಂದರಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹಳೆಯ ಕಾರು ಕೈ ಬದಲಾಗುವಾಗ ಬೆಲೆ ಹೇಳುವವನು ಅವನೇ. ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಬೆಲೆ ಹೇಳಿದವನು ತನ್ನ ಮನೆಯವರೊಬ್ಬರನ್ನು ಕರೆದುಕೊಂಡು, ಕೊಂಡವರ ಜೊತೆ ಅದೇ ಕಾರಿನಲ್ಲಿ ಬೆಟ್ಟದ ಗುಡಿಗೆ ಹೋಗಿಬರಬೇಕು. ಅದು ಆ ಊರಿನ ರೂಢಿ.

ಒಬ್ಬ ವ್ಯಾಪಾರಿ ಐವತ್ತು ವರ್ಷದ ಕಾರೊಂದನ್ನು ಮಾರಲು ಹೊರಟ. ಒಬ್ಬ ಶಾಲೆಯ ಮೇಷ್ಟ್ರು ಕೊಳ್ಳಲು ಬಂದರು. ಅಂಥ ಕಾರು ಅವರಿಗೆ ಚಿಕ್ಕಂದಿನ ಆಸೆ.

ಮೆಕ್ಯಾನಿಕ್ ಆಯಸ್ಕಾಂತಕ್ಕೆ ಬಟ್ಟೆ ಸುತ್ತಿ ಕಾರಿನ ಮೈಮೇಲೆ ಎಳೆದ. ಬಾಗಿಲ ಕೆಳಗೆ ಅದು ಅಂಟಲಿಲ್ಲ. ಹೊಳೆಯುವ ಬಣ್ಣದ ಅಡಿಯಲ್ಲಿ ತಗಡಿರಲಿಲ್ಲ, ತೂತು ಮುಚ್ಚಲು ಮೆತ್ತಿದ ಬರೀ ಪುಟ್ಟಿ. ಕಾರಿನಡಿಗೆ ನುಸುಳಿ ನೋಡಿದ. ಬ್ರೇಕಿನ ಎಣ್ಣೆ ಹರಿಯುವ ಕೊಳವೆ ತುಕ್ಕು ತಿಂದು ತೆಳ್ಳಗಾಗಿತ್ತು. ಮೇಲೆದ್ದಾಗ ವ್ಯಾಪಾರಿ ಪಕ್ಕದಲ್ಲೇ ನಿಂತಿದ್ದ.

"ನಿನ್ನ ಶೆಡ್ಡು ಯಾರ ಜಾಗದಲ್ಲಿದೆ ಅನ್ನೋದು ನೆನಪಿದೆ ತಾನೇ ತಮ್ಮಾ?" ಎಂದು ಮೆಲ್ಲಗೆ ಕೇಳಿದ.

ಮೆಕ್ಯಾನಿಕ್ ಮೇಷ್ಟ್ರ ಕಡೆ ತಿರುಗಿದ. ಗಟ್ಟಿ ಕಾರಿಗೆ ಹೇಳುವ ಬೆಲೆಯನ್ನೇ ಹೇಳಿದ. ಮೇಷ್ಟ್ರು ಚೌಕಾಸಿ ಮಾಡದೆ ಒಪ್ಪಿದರು.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ಮುಂದೆ, ಕಾರು ಓಡಿಸುವ ಮೇಷ್ಟ್ರ ಪಕ್ಕ ಕೂತ. ಅವನ ಮಗಳು ಹಿಂದೆ, ಮೇಷ್ಟ್ರ ಇಬ್ಬರು ಮಕ್ಕಳ ನಡುವೆ ಕೂತಳು. ಬೆಟ್ಟ ಹತ್ತುವಾಗ ಬ್ರೇಕಿಗೆ ಕೆಲಸ ಕಡಿಮೆ. ಆದರೂ ಗುಡಿಯ ಮುಂದೆ ನಿಲ್ಲಿಸುವಾಗ ಮೇಷ್ಟ್ರು ಎರಡು ಸಲ ತುಳಿಯಬೇಕಾಯಿತು. ಅವರು ಅದನ್ನು ಗಮನಿಸಲಿಲ್ಲ. ಅವನು ಗಮನಿಸಿದ. ಪೂಜೆ ಮುಗಿಯಿತು.

ಎಲ್ಲರೂ ಮತ್ತೆ ಕಾರು ಹತ್ತಿದರು. ಮುಂದೆ ಹದಿನಾಲ್ಕು ತಿರುವುಗಳ ಇಳಿಜಾರು.

"ಮಗಳೇ, ನೀನು ಇಳಿ. ಬಸ್ಸಿಗೆ ಬಾ. ತಿರುವಿನಲ್ಲಿ ನಿನಗೆ ತಲೆ ಸುತ್ತುತ್ತದೆ" ಎಂದ.

"ಬರುವಾಗ ಸುತ್ತಲಿಲ್ಲವಲ್ಲಪ್ಪಾ?"

"ಇಳಿ ಅಂದರೆ ಇಳಿ!"

ಮೇಷ್ಟ್ರು ನಕ್ಕರು. "ಏನು ಸ್ವಾಮಿ, ನಾನು ಅಷ್ಟು ಕೆಟ್ಟದಾಗಿ ಓಡಿಸುತ್ತೇನೆಯೇ?"

ಮಗಳು ಇಳಿದಳು. ಮಕ್ಕಳು ಅವಳ ಜಾಗಕ್ಕೆ ಸರಿದು ಆರಾಮಾಗಿ ಕೂತು ಕೈ ಬೀಸಿದರು. ಮೆಕ್ಯಾನಿಕ್ ಬಾಯಿ ತೆರೆದ. ಹೇಳಿದರೆ ಶೆಡ್ಡು ಹೋಗುತ್ತದೆ, ಇಷ್ಟು ವರ್ಷದ ಹೆಸರೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಎರಡು ಕೈಯಲ್ಲೂ ಸೀಟನ್ನು ಹಿಡಿದ. ಕಾರು ಮೊದಲ ತಿರುವಿಗೆ ಇಳಿಯಿತು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೂತಲ್ಲಿಂದ ಅರ್ಧ ಎದ್ದಿದ್ದ. "ಆಮೇಲೆ ಗುರುಗಳೇ? ಆ ಮಕ್ಕಳು?"

"ನೀನು ಕೇಳಿದ್ದು ನ್ಯಾಯವಾದ ಬೆಲೆಯನ್ನು. ಆ ಕಾರಿನ ನಿಜವಾದ ಬೆಲೆಯನ್ನು ಅವನು ತನ್ನ ಮಗಳನ್ನು ಇಳಿಸಿದಾಗಲೇ ಹೇಳಿ ಮುಗಿಸಿದ."